ಲಿನಕ್ಸ್‌ನಲ್ಲಿ ಡೇಟಾಬೇಸ್ ಹಾಕುವುದು ಹೇಗೆ, ಹಾಕಿದ ಮೇಲೆ ಅದು ಎಲ್ಲಿ ಕೂತಿದೆ ಅಂತ ಪತ್ತೆ ಮಾಡುವುದು ಹೇಗೆ

ಲಿನಕ್ಸ್ ಮಷಿನ್‌ಗೆ ಡೇಟಾಬೇಸ್ ಹಾಕುವುದು ಒಂದು ಸಾಲಿನ ಕಮಾಂಡ್. ಹಾಕಿದ್ದು ಎಲ್ಲಿ ಕೂತಿದೆ ಅಂತ ತಿಳಿದಿಟ್ಟುಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ, ಮತ್ತು ಜಾಸ್ತಿ ಜನ ಬಿಟ್ಟುಬಿಡುವುದೂ ಅದನ್ನೇ. ಶಿವಮೊಗ್ಗದ ಮಂಡಿ ಆಗಲಿ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಸಣ್ಣ ಸೊಸೈಟಿ ಆಗಲಿ, ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಟ್ಟವರು ಊರು ಬಿಟ್ಟಿರುತ್ತಾರೆ, ಮಳೆಗಾಲದಲ್ಲಿ ಒಂದು ದಿನ ಮಷಿನ್ ಏಳುವುದಿಲ್ಲ, ಆಗ ಕಾರ್ಯದರ್ಶಿಗಳು ಕೇಳುವ ಮೊದಲ ಪ್ರಶ್ನೆ: "ಮಾರಾಯ್ರೆ, ನಮ್ಮ ಲೆಕ್ಕ ಇದರೊಳಗೆ ಎಲ್ಲಿದೆ?" ಅದಕ್ಕೆ ತಕ್ಷಣ ಉತ್ತರ ಕೊಡುವ ಹಾಗೆ ಇರಬೇಕು. ಒಂದಿಡೀ ಸೀಸನ್ನಿನ ಅಡಿಕೆ ತೂಕ, ಬೆಳೆಗಾರರ ಬಾಕಿ, ಎಲ್ಲ ಅಲ್ಲಿರುತ್ತದೆ ಅಲ್ವಾ.

ಯಾವುದೇ ಡೇಟಾಬೇಸ್ ಸರ್ವರ್ ತಗೊಳ್ಳಿ, ಅದರದ್ದು ನಾಲ್ಕು ಜಾಗ ಇರುತ್ತದೆ. ಪ್ರೋಗ್ರಾಂ ಇರುವ ಜಾಗ, ಸೆಟ್ಟಿಂಗ್ ಫೈಲ್ ಇರುವ ಜಾಗ, ನಿಜವಾದ ಡೇಟಾ ಇರುವ ಜಾಗ, ಲಾಗ್ (ನಡೆದದ್ದರ ದಿನಚರಿ) ಬರೆಯುವ ಜಾಗ. ಪ್ರೋಗ್ರಾಂ ಹೋದರೆ ಮತ್ತೆ ಡೌನ್‌ಲೋಡ್ ಮಾಡಬಹುದು. ಡೇಟಾ ಹೋದರೆ ಹೋಯಿತು. ಈ ನಾಲ್ಕನ್ನೂ ಊಹೆ ಮಾಡದೆ ಪಕ್ಕಾ ಕಂಡುಹಿಡಿಯುವುದನ್ನೇ ಇಲ್ಲಿ ಹೇಳುತ್ತೇನೆ.

ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್‌ನಲ್ಲಿ, ಎಲ್ಲ ಸಣ್ಣ ಅಕ್ಷರದಲ್ಲಿ ಹೊಡೆಯಿರಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ. ಶುರುವಿಗೆ ಬರುವ ಸುಡೊ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ. ಅಡ್ಡಗೆರೆ, ಅಂಡರ್‌ಸ್ಕೋರ್, ಚುಕ್ಕಿ ಎಲ್ಲ ಇದ್ದ ಹಾಗೇ ಇರಲಿ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಹೆಸರನ್ನು ಹೊಡೆಯುವಾಗ ಗ್ರೆಸ್ ಆದ ಮೇಲೆ ಇನ್ನೊಂದು ಎಸ್ ಇಲ್ಲ, ನೇರ ಕ್ಯೂ ಮತ್ತು ಎಲ್.

ಯಾವುದನ್ನು ಹಾಕಬೇಕು? ಒಬ್ಬರೇ ಕೂತು ಒಂದೇ ಮಷಿನ್‌ನಲ್ಲಿ ಬರೆಯುವ ಲೆಕ್ಕಕ್ಕೆ ಎಸ್‌ಕ್ಯೂಲೈಟ್ ಸಾಕು. ಅದಕ್ಕೆ ಸರ್ವರ್ರೇ ಇಲ್ಲ, ಇಡೀ ಡೇಟಾಬೇಸ್ ಒಂದೇ ಫೈಲ್. ನೀವು ತಗೊಂಡ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್ ಬೇಕು ಅಂತ ಕೇಳಿದರೆ ಅದಕ್ಕೆ ಹೊಂದುವ ಮರಿಯಾಡಿಬಿ ಹಾಕಿ. ಬೇರೆ ಎಲ್ಲದಕ್ಕೂ ನನ್ನ ಸಲಹೆ ಪೋಸ್ಟ್‌ಗ್ರೆಸ್, ಅಂದರೆ ಪೋಸ್ಟ್‌ಗ್ರೆಸ್‌ಕ್ಯೂಎಲ್. 1986ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಕೆಲಸ ಅದು, ಇವತ್ತಿಗೂ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ, ಮತ್ತು ಕರೆಂಟ್ ಹೋದಾಗ ಅದು ಸುಧಾರಿಸಿಕೊಂಡು ಏಳುವ ರೀತಿ ನಮ್ಮ ಕಡೆಗೆ ಬಹಳ ಒಗ್ಗುತ್ತದೆ. ಉದಾಹರಣೆಗೆ ಉಬುಂಟು 24.04 ಅನ್ನುವ ಲಿನಕ್ಸ್ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಬರುವುದು ಪೋಸ್ಟ್‌ಗ್ರೆಸ್ 16. ಉಬುಂಟು 22.04ರಲ್ಲಿ 14, ಡೆಬಿಯನ್ 12ರಲ್ಲಿ 15 ಬರುತ್ತದೆ, ಹಾಗಾಗಿ ಕೆಳಗೆ 16 ಅಂತ ಇರುವಲ್ಲಿ ನಿಮ್ಮ ನಂಬರ್ ಹಾಕಿಕೊಳ್ಳಿ.

ಹಾಕುವ ಮುಂಚೆ ಮಷಿನ್‌ನಲ್ಲಿ ಆಗಲೇ ಏನಾದರೂ ಇದೆಯಾ ನೋಡಿ. ಇದನ್ನು ಬಿಡಬೇಡಿ. ಯಾರೋ ಯಾವತ್ತೋ ಹಾಕಿಟ್ಟ ಡೇಟಾಬೇಸ್ ಹಳೆ ಮಷಿನ್‌ಗಳಲ್ಲಿ ಸದ್ದಿಲ್ಲದೆ ಓಡುತ್ತಿರುತ್ತದೆ.

ಸುಡೊ ಎಸ್‌ಎಸ್ -ಎಲ್‌ಟಿಎನ್‌ಪಿ

ಯಾವ ಪೋರ್ಟ್‌ನಲ್ಲಿ ಯಾವ ಪ್ರೋಗ್ರಾಂ ಕಿವಿಗೊಟ್ಟು ಕೂತಿದೆ ಅಂತ ಇದು ತೋರಿಸುತ್ತದೆ. 5432 ಕಂಡರೆ ಪೋಸ್ಟ್‌ಗ್ರೆಸ್, 3306 ಕಂಡರೆ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ. ಆ ಸಾಲಿನಲ್ಲಿ ಡಾಕರ್-ಪ್ರಾಕ್ಸಿ ಅಂತ ಹೆಸರು ಇದ್ದರೆ ಡೇಟಾಬೇಸ್ ಡಾಕರ್ (ಪ್ರೋಗ್ರಾಂಗಳನ್ನು ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ವ್ಯವಸ್ಥೆ) ಒಳಗಿದೆ, ಅದರ ಲೆಕ್ಕವೇ ಬೇರೆ. ಓಡದೆ ಸುಮ್ನೆ ಕೂತಿರುವುದನ್ನು ಹುಡುಕಲು, ಸಾಫ್ಟ್‌ವೇರ್ ಪ್ಯಾಕೇಜ್ ಹಾಕುವ, ತೆಗೆಯುವ ಆಪ್ಟ್ ಅನ್ನುವ ಕಮಾಂಡನ್ನು ಹೀಗೆ ಕೇಳಿ:

ಆಪ್ಟ್ ಲಿಸ್ಟ್ --ಇನ್‌ಸ್ಟಾಲ್ಡ್ | ಗ್ರೆಪ್ ಪೋಸ್ಟ್‌ಗ್ರೆಸ್

ಅದೇ ಸಾಲನ್ನು ಮೈಎಸ್‌ಕ್ಯೂಎಲ್, ಮರಿಯಾಡಿಬಿ ಅಂತಲೂ ಹಾಕಿ ನೋಡಿ. ಈ ಎರಡೂ ಡೇಟಾ ಇಡುವುದು /ವಾರ್/ಲಿಬ್/ಮೈಎಸ್‌ಕ್ಯೂಎಲ್ ಎಂಬ ಒಂದೇ ಫೋಲ್ಡರ್‌ನಲ್ಲಿ. ಹಾಗಾಗಿ ಒಂದರ ಮೇಲೆ ಇನ್ನೊಂದನ್ನು ಹಾಕಲು ಹೋಗಲೇಬೇಡಿ.

ಈಗ ಹಾಕುವುದು.

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಇನ್‌ಸ್ಟಾಲ್ ಪೋಸ್ಟ್‌ಗ್ರೆಸ್‌ಕ್ಯೂಎಲ್

ಇಷ್ಟೇ. ನೆಟ್ ಸರಿಯಾಗಿ ಸಿಗದ ಕಡೆ, ಆಗುಂಬೆ ಘಾಟಿಯ ಆಚೀಚೆ ಅಥವಾ ಶರಾವತಿ ಹಿನ್ನೀರಿನ ಕಡೆ, ಇದನ್ನೇ ಪೇಟೆಯಲ್ಲಿ ಮಾಡಿಕೊಂಡು ಹೋಗಬಹುದು. ಅದೇ ಆವೃತ್ತಿಯ ಉಬುಂಟು ಇರುವ, ಪೋಸ್ಟ್‌ಗ್ರೆಸ್ ಇನ್ನೂ ಹಾಕದ ಒಂದು ಮಷಿನ್‌ನಲ್ಲಿ ಆಪ್ಟ್ ಇನ್‌ಸ್ಟಾಲ್ ಆದ ಮೇಲೆ --ಡೌನ್‌ಲೋಡ್-ಓನ್ಲಿ ಅಂತ ಸೇರಿಸಿ ಓಡಿಸಿ. ಪ್ಯಾಕೇಜ್‌ಗಳು /ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್ ಒಳಗೆ ಬಂದು ಕೂರುತ್ತವೆ. ಅವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ, ಅಲ್ಲಿನ ಮಷಿನ್‌ನಲ್ಲಿ ಆ ಫೋಲ್ಡರ್‌ಗೆ ಹೋಗಿ:

ಸುಡೊ ಆಪ್ಟ್ ಇನ್‌ಸ್ಟಾಲ್ ./*.ಡೆಬ್

ಪ್ಯಾಕೇಜ್ ಹಾಕುವಾಗ ಆಪ್ಟ್ ಹಿಂದೆ ಬಹಳ ಕೆಲಸ ಮಾಡಿರುತ್ತದೆ. ಪೋಸ್ಟ್‌ಗ್ರೆಸ್ ಅನ್ನುವ ಒಬ್ಬ ಲಿನಕ್ಸ್ ಯೂಸರ್‌ನನ್ನು ಮಾಡುತ್ತದೆ, ಮೇನ್ ಅನ್ನುವ ಹೆಸರಿನ ಒಂದು ಕ್ಲಸ್ಟರ್ ಮಾಡುತ್ತದೆ, ಅದನ್ನು ಶುರು ಮಾಡಿ, ಮಷಿನ್ ಆನ್ ಆದಾಗೆಲ್ಲ ತಾನಾಗೇ ಏಳುವ ಹಾಗೆ ಹೇಳಿ ಹೋಗುತ್ತದೆ. ಕ್ಲಸ್ಟರ್ ಅಂದರೆ ಹತ್ತು ಕಂಪ್ಯೂಟರ್ ಅಲ್ಲ. ಒಂದು ಡೇಟಾ ಫೋಲ್ಡರ್, ಅದನ್ನು ನೋಡಿಕೊಳ್ಳುವ ಒಂದು ಸರ್ವರ್, ಅಷ್ಟೇ. ಒಂದು ಕ್ಲಸ್ಟರ್ ಒಳಗೆ ಎಷ್ಟು ಡೇಟಾಬೇಸ್ ಬೇಕಾದರೂ ಇರಬಹುದು.

ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಪ್ರೋಗ್ರಾಂ ಪಿಎಸ್‌ಕ್ಯೂಎಲ್. ಮೊದಲ ಸಲ ಒಳಗೆ ಹೋಗುವುದು ಪೋಸ್ಟ್‌ಗ್ರೆಸ್ ಯೂಸರ್ ಹೆಸರಿನಲ್ಲಿ, ಹೀಗೆ:

ಸುಡೊ -ಯು ಪೋಸ್ಟ್‌ಗ್ರೆಸ್ ಪಿಎಸ್‌ಕ್ಯೂಎಲ್

ಬರೀ ಪಿಎಸ್‌ಕ್ಯೂಎಲ್ ಹೊಡೆದರೆ ನಿಮ್ಮ ಹೆಸರಿನ ರೋಲ್ (ಡೇಟಾಬೇಸ್ ಯೂಸರ್) ಇಲ್ಲ ಅಂತ ಬೈಯುತ್ತದೆ. ಅದೇ ಮಷಿನ್‌ನಿಂದ ಬರುವವರನ್ನು ಪೋಸ್ಟ್‌ಗ್ರೆಸ್ ಲಿನಕ್ಸ್ ಹೆಸರಿನಿಂದಲೇ ಗುರುತಿಸುತ್ತದೆ, ಅದಕ್ಕೆ ಹಾಗೆ. ಪಾಸ್‌ವರ್ಡ್ ಏನು ಅಂತ ಹುಡುಕುತ್ತಾ ಕೂರಬೇಡಿ, ಶುರುವಿನಲ್ಲಿ ಪಾಸ್‌ವರ್ಡ್ ಇರುವುದೇ ಇಲ್ಲ. ಪಿಎಸ್‌ಕ್ಯೂಎಲ್‌ನಿಂದ ಹೊರಗೆ ಬಂದು ನಿಮ್ಮ ಕೆಲಸಕ್ಕೆ ಬೇರೆ ಯೂಸರ್ (ಇಲ್ಲಿ ಅಡಿಕೆ), ಬೇರೆ ಡೇಟಾಬೇಸ್ (ಇಲ್ಲಿ ಮಂಡಿ) ಮಾಡಿಕೊಳ್ಳಿ:

ಸುಡೊ -ಯು ಪೋಸ್ಟ್‌ಗ್ರೆಸ್ ಕ್ರಿಯೇಟ್‌ಯೂಸರ್ --ಪಿಡಬ್ಲ್ಯೂಪ್ರಾಂಪ್ಟ್ ಅಡಿಕೆ
ಸುಡೊ -ಯು ಪೋಸ್ಟ್‌ಗ್ರೆಸ್ ಕ್ರಿಯೇಟ್‌ಡಿಬಿ --ಓನರ್=ಅಡಿಕೆ ಮಂಡಿ

ಇಲ್ಲಿ ಸ್ವಲ್ಪ ನಿಲ್ಲಿ. ಕನ್ನಡದಲ್ಲಿ ಲೆಕ್ಕ ಇಡುವವರು ಒಂದೇ ಒಂದು ಸಾಲನ್ನೂ ಸೇರಿಸುವ ಮುಂಚೆ ನೋಡಬೇಕಾದ ಸಂಗತಿ ಇದೆ. ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್ ಮಾಡಿ ಇಡುವ ಕ್ರಮ, ಯಾವುದು ಅಂತ ಪಿಎಸ್‌ಕ್ಯೂಎಲ್ ಒಳಗೆ ಕೇಳಿ:

ಶೋ ಸರ್ವರ್_ಎನ್‌ಕೋಡಿಂಗ್;

ಯುಟಿಎಫ್8 ಅಂತ ಬಂದರೆ ಸರಿ. ಎಸ್‌ಕ್ಯೂಎಲ್_ಆಸ್ಕಿ ಅಂತ ಬಂದರೆ, ಪ್ಯಾಕೇಜ್ ಹಾಕುವ ಹೊತ್ತಿನಲ್ಲಿ ಮಷಿನ್‌ನ ಲೊಕೇಲ್ (ಭಾಷೆ, ಅಕ್ಷರದ ಸೆಟ್ಟಿಂಗ್) ಸರಿ ಇರಲಿಲ್ಲ ಅಂತ ಅರ್ಥ. ಆಗಲೂ ಕನ್ನಡ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಆದರೆ ಒಳಗೆ ಅದಕ್ಕೆ ಅಕ್ಷರ ಅನ್ನುವುದೇ ಗೊತ್ತಿರುವುದಿಲ್ಲ, ಬರೀ ಬೈಟ್ ಗೊತ್ತು. ಶಿವಮೊಗ್ಗ ಅಂತ ಬರೆದು ಉದ್ದ ಕೇಳಿ ನೋಡಿ:

ಸೆಲೆಕ್ಟ್ ಲೆಂತ್('ಶಿವಮೊಗ್ಗ');

ಇದರಲ್ಲಿ ಕೋಟ್ ಒಳಗಿನ ಹೆಸರನ್ನು ಮಾತ್ರ ಕನ್ನಡದಲ್ಲೇ ಬರೆಯಿರಿ. ಯುಟಿಎಫ್8 ಇದ್ದರೆ 8 ಬರುತ್ತದೆ, ಆಸ್ಕಿ ಇದ್ದರೆ 24. ಕಣ್ಣಿಗೆ ಕಾಣುವುದು ನಾಲ್ಕೇ ಅಕ್ಷರ, ಆದರೆ ಗುಣಿತದ ಗುರುತು, ಒತ್ತಕ್ಷರದ ವಿರಾಮ ಎಲ್ಲವನ್ನೂ ಯೂನಿಕೋಡ್ ಬೇರೆ ಬೇರೆ ಎಣಿಸುತ್ತದೆ, ಒಂದೊಂದೂ 3 ಬೈಟ್. ಹಾಗಾಗಿ ಬೆಳೆಗಾರರ ಹೆಸರಿಗೆ 20 ಅಂತ ಮಿತಿ ಹಾಕಿದರೆ ಸಾಲುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಮಿತಿಯೇ ಇಲ್ಲದ ಟೆಕ್ಸ್ಟ್ ಅನ್ನುವ ಬಗೆ ಇದೆ, ಹೆಸರು, ಊರು ಎಲ್ಲಕ್ಕೂ ಅದನ್ನೇ ಹಾಕಿ.

ಎನ್‌ಕೋಡಿಂಗ್ ತಪ್ಪಿದ್ದರೆ, ಒಳಗೆ ಇನ್ನೂ ಏನೂ ಇಲ್ಲದಿರುವಾಗಲೇ ಕ್ಲಸ್ಟರ್ ತೆಗೆದು ಹೊಸದು ಮಾಡುವುದು ಸುಲಭ. ಮೊದಲ ಸಾಲು ಡೇಟಾ ಅಳಿಸುತ್ತದೆ, ಖಾಲಿ ಇದೆ ಅಂತ ಖಾತ್ರಿ ಇದ್ದರೆ ಮಾತ್ರ ಹೊಡೆಯಿರಿ. ಎರಡನೆಯದರಲ್ಲಿ ಸಿ ಮತ್ತು ಯುಟಿಎಫ್ ದೊಡ್ಡ ಅಕ್ಷರದಲ್ಲಿ.

ಸುಡೊ ಪಿಜಿ_ಡ್ರಾಪ್‌ಕ್ಲಸ್ಟರ್ --ಸ್ಟಾಪ್ 16 ಮೇನ್
ಸುಡೊ ಪಿಜಿ_ಕ್ರಿಯೇಟ್‌ಕ್ಲಸ್ಟರ್ --ಲೊಕೇಲ್=ಸಿ.ಯುಟಿಎಫ್-8 --ಸ್ಟಾರ್ಟ್ 16 ಮೇನ್

ಮೊದಲು ಮಾಡಿದ್ದ ಯೂಸರ್, ಡೇಟಾಬೇಸ್ ಇದರ ಜೊತೆ ಹೋಗುತ್ತವೆ, ಮತ್ತೆ ಮಾಡಿಕೊಳ್ಳಿ. ಈ ಲೊಕೇಲ್‌ನಲ್ಲಿ ಸಾಲು ಜೋಡಿಸುವುದು ಯೂನಿಕೋಡ್ ನಂಬರ್ ಪ್ರಕಾರ. ಅಂದರೆ ಳಕಾರ ಲಕಾರದ ಬೆನ್ನಿಗೇ ಬಂದುಬಿಡುತ್ತದೆ, ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಗೆ ಅಲ್ವಾ. ಹೆಸರಿನ ಪಟ್ಟಿ ತೆಗೆಯುವಾಗ ಆರ್ಡರ್ ಬೈ ಜೊತೆ ಕೊಲೇಟ್ "ಕೆಎನ್-ಎಕ್ಸ್-ಐಸಿಯು" ಅಂತ ಸೇರಿಸಿ. ಕನ್ನಡದ ಕ್ರಮಕ್ಕೆ ಅಂತಲೇ ಇರುವುದು ಅದು.

ಇನ್ನು ಪತ್ತೆ ಹಚ್ಚುವುದಕ್ಕೆ ಬರೋಣ. ಎಲ್ಲರೂ ಮೊದಲು ಹೊಡೆಯುವುದು ವಿಚ್ ಪಿಎಸ್‌ಕ್ಯೂಎಲ್. ಅದು /ಯುಎಸ್‌ಆರ್/ಬಿನ್/ಪಿಎಸ್‌ಕ್ಯೂಎಲ್ ಅನ್ನುತ್ತದೆ, ಜನ ಪೋಸ್ಟ್‌ಗ್ರೆಸ್ ಅಲ್ಲೇ ಇದೆ ಅಂದುಕೊಳ್ಳುತ್ತಾರೆ. ಇಲ್ಲ. ಪಿಎಸ್‌ಕ್ಯೂಎಲ್ ಬರೀ ಮಾತಾಡಿಸುವ ಪ್ರೋಗ್ರಾಂ, ಸರ್ವರ್ ಅಲ್ಲ. ಡೆಬಿಯನ್, ಉಬುಂಟುವಿನಲ್ಲಂತೂ ಅದು ನಿಜವಾದ ಪಿಎಸ್‌ಕ್ಯೂಎಲ್ ಕೂಡ ಅಲ್ಲ:

ರೀಡ್‌ಲಿಂಕ್ -ಎಫ್ /ಯುಎಸ್‌ಆರ್/ಬಿನ್/ಪಿಎಸ್‌ಕ್ಯೂಎಲ್

ಉತ್ತರವಾಗಿ ಪಿಜಿ_ರ‍್ಯಾಪರ್ ಅನ್ನುವ ಹೆಸರು ಬರುತ್ತದೆ. ಅದು ನೀವು ಯಾವ ಆವೃತ್ತಿ ಕೇಳುತ್ತಿದ್ದೀರಿ ಅಂತ ನೋಡಿ, ಆಮೇಲೆ ಸರಿಯಾದ ಪಿಎಸ್‌ಕ್ಯೂಎಲ್‌ಗೆ ದಾಟಿಸುವ ಸ್ಕ್ರಿಪ್ಟ್. ನಿಜವಾದ ಪ್ರೋಗ್ರಾಂಗಳೆಲ್ಲ /ಯುಎಸ್‌ಆರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/16/ಬಿನ್ ಒಳಗಿವೆ. ಆ ಫೋಲ್ಡರ್ ಪಾತ್‌ನಲ್ಲಿ (ಕಮಾಂಡ್ ಹುಡುಕುವ ಜಾಗಗಳ ಪಟ್ಟಿಯಲ್ಲಿ) ಇರುವುದಿಲ್ಲ, ಅದಕ್ಕೇ ವಿಚ್ ಪೋಸ್ಟ್‌ಗ್ರೆಸ್ ಅಂದರೆ ಏನೂ ಬರುವುದಿಲ್ಲ. ಅಯ್ಯೋ ಸರ್ವರ್ ಇಲ್ಲ ಅಂದುಕೊಂಡು ಮತ್ತೆ ಹಾಕಲು ಹೋಗಬೇಡಿ.

ಪ್ಯಾಕೇಜ್ ಏನೇನು ತಂದು ಎಲ್ಲೆಲ್ಲಿ ಇಟ್ಟಿತು ಅಂತ ಪೂರ್ತಿ ಪಟ್ಟಿ ಬೇಕಿದ್ದರೆ ಹೀಗೆ ಕೇಳಿ, ಇಲ್ಲಿ ಎಲ್ ದೊಡ್ಡದು:

ಡಿಪಿಕೆಜಿ -ಎಲ್ ಪೋಸ್ಟ್‌ಗ್ರೆಸ್‌ಕ್ಯೂಎಲ್-16

ಆದರೆ ಈ ಪಟ್ಟಿಯಲ್ಲಿ ನಿಮ್ಮ ಡೇಟಾ ಸಿಗುವುದಿಲ್ಲ. ಡೇಟಾ ಫೋಲ್ಡರ್ ಪ್ಯಾಕೇಜ್ ಜೊತೆ ಬಂದದ್ದಲ್ಲ, ಹಾಕಿದ ಮೇಲೆ ಹುಟ್ಟಿದ್ದು. ಫೈಂಡ್, ಲೊಕೇಟ್ ಹೊಡೆದು ಇಡೀ ಡಿಸ್ಕ್ ಹುಡುಕುವವರೂ ಇದ್ದಾರೆ, ಸುಡೊ ಇಲ್ಲದೆ ಹುಡುಕಿದರೆ ಡೇಟಾ ಫೋಲ್ಡರ್ ಒಳಗೆ ಹೋಗಲು ಬಿಡುವುದೇ ಇಲ್ಲ. ಸಿಕ್ಕರೂ, ಸಿಕ್ಕಿದ್ದು ಈಗ ಓಡುತ್ತಿರುವುದೋ ಯಾವ ಕಾಲದ್ದೋ ಹೇಳಲು ಆಗುವುದಿಲ್ಲ.

ಅದಕ್ಕೆ, ಓಡುತ್ತಿರುವ ಸರ್ವರ್‌ನನ್ನೇ ಕೇಳಿ. ಪಿಎಸ್‌ಕ್ಯೂಎಲ್ ಒಳಗೆ:

ಶೋ ಡೇಟಾ_ಡೈರೆಕ್ಟರಿ;
ಶೋ ಕಾನ್ಫಿಗ್_ಫೈಲ್;
ಶೋ ಎಚ್‌ಬಿಎ_ಫೈಲ್;

ಉಬುಂಟುವಿನಲ್ಲಿ ಯಾರೂ ಬದಲಾಯಿಸದೆ ಇದ್ದರೆ ಡೇಟಾ /ವಾರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/16/ಮೇನ್ ಅಂತಲೂ, ಸೆಟ್ಟಿಂಗ್ ಎರಡೂ /ಇಟಿಸಿ/ಪೋಸ್ಟ್‌ಗ್ರೆಸ್‌ಕ್ಯೂಎಲ್/16/ಮೇನ್ ಒಳಗೆ ಅಂತಲೂ ಬರುತ್ತದೆ. ಇದಕ್ಕಿಂತ ನಂಬಿಕೆಯ ಉತ್ತರ ಇನ್ನೊಂದಿಲ್ಲ. ಸರ್ವರ್ ಏಳದೆ ಇದ್ದಾಗ, ಅಥವಾ ಪಾಸ್‌ವರ್ಡ್ ಮರೆತಾಗ, ಡೆಬಿಯನ್ ಬಳಗದ ಈ ಕಮಾಂಡ್ ಬಹಳ ಉಪಕಾರಿ:

ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್

ಆವೃತ್ತಿ, ಪೋರ್ಟ್, ಓಡುತ್ತಿದೆಯಾ ಇಲ್ಲವಾ, ಡೇಟಾ ಎಲ್ಲಿ, ಲಾಗ್ ಎಲ್ಲಿ, ಎಲ್ಲ ಒಂದೇ ಸಾಲಿನಲ್ಲಿ. ನಿಮಗೆ ಗೊತ್ತಿಲ್ಲದ ಮಷಿನ್ ಮುಂದೆ ಕೂತಾಗ ಮೊದಲು ಇದನ್ನೇ ಹೊಡೆಯಿರಿ. ಬಂದ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಮಷಿನ್ ಪಕ್ಕ ಅಂಟಿಸಿಡಿ, ಮುಂದೆ ಬರುವವರಿಗೆ ಬೇಕಾಗುತ್ತದೆ.

ಯಾವ ಲಿನಕ್ಸ್ ಆದರೂ ನಡೆಯುವ ದಾರಿ ಇನ್ನೊಂದಿದೆ. ಎಸ್‌ಎಸ್ ಕಮಾಂಡ್ ತೋರಿಸಿದ ಪಿಐಡಿ (ಓಡುತ್ತಿರುವ ಪ್ರೋಗ್ರಾಂನ ಗುರುತಿನ) ನಂಬರ್ ತಗೊಳ್ಳಿ, ಅದು 812 ಅಂತಿಟ್ಟುಕೊಳ್ಳಿ:

ಸುಡೊ ಎಲ್‌ಎಸ್ -ಎಲ್ /ಪ್ರಾಕ್/812/ಇಎಕ್ಸ್‌ಇ /ಪ್ರಾಕ್/812/ಸಿಡಬ್ಲ್ಯೂಡಿ

ಮೊದಲನೆಯದು ಓಡುತ್ತಿರುವ ಪ್ರೋಗ್ರಾಂ ಫೈಲ್, ಎರಡನೆಯದು ಅದು ನಿಂತಿರುವ ಫೋಲ್ಡರ್. ಪೋಸ್ಟ್‌ಗ್ರೆಸ್ ಯಾವಾಗಲೂ ತನ್ನ ಡೇಟಾ ಫೋಲ್ಡರ್‌ನಲ್ಲೇ ನಿಂತು ಓಡುತ್ತದೆ. ಲಿನಕ್ಸ್‌ನ ತಿರುಳಾದ ಕರ್ನೆಲ್ ಹೇಳುವ ಮಾತು ಇದು, ಹಳೆ ಸೆಟ್ಟಿಂಗ್ ಫೈಲ್ ನೋಡಿ ಮೋಸ ಹೋಗುವ ಪ್ರಶ್ನೆ ಇಲ್ಲ.

ಸಿಸ್ಟಂಸಿಟಿಎಲ್ ಸ್ಟೇಟಸ್ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಂದಾಗ ಆಕ್ಟಿವ್ ಅಂತ ಬರೆದು ಪಕ್ಕದಲ್ಲಿ ಎಕ್ಸಿಟೆಡ್ ಅಂತ ಬರುತ್ತದೆ. ಗಾಬರಿ ಆಗಬೇಡಿ. ಉಬುಂಟುವಿನಲ್ಲಿ ಆ ಹೆಸರು ಬರೀ ಮೇಲಿನ ಹೊದಿಕೆ. ನಿಜವಾದ ಸರ್ವಿಸ್‌ನ ಹೆಸರು ಪೋಸ್ಟ್‌ಗ್ರೆಸ್‌ಕ್ಯೂಎಲ್@16-ಮೇನ್, ಅದರ ಸ್ಟೇಟಸ್ ಕೇಳಿ.

ಫೆಡೋರಾ ಬಳಗದಲ್ಲಿ ಕಥೆ ಸ್ವಲ್ಪ ಬೇರೆ. ಡಿಎನ್‌ಎಫ್ ಇನ್‌ಸ್ಟಾಲ್ ಪೋಸ್ಟ್‌ಗ್ರೆಸ್‌ಕ್ಯೂಎಲ್-ಸರ್ವರ್ ಅಂದ ಮೇಲೆ ಕ್ಲಸ್ಟರ್ ತಾನಾಗೇ ಆಗುವುದಿಲ್ಲ. ಸುಡೊ ಪೋಸ್ಟ್‌ಗ್ರೆಸ್‌ಕ್ಯೂಎಲ್-ಸೆಟಪ್ --ಇನಿಟ್‌ಡಿಬಿ ಅಂತ ನೀವೇ ಮಾಡಬೇಕು, ಸರ್ವಿಸನ್ನೂ ನೀವೇ ಎನೇಬಲ್ ಮಾಡಬೇಕು. ಡೇಟಾ, ಸೆಟ್ಟಿಂಗ್ ಎರಡೂ /ವಾರ್/ಲಿಬ್/ಪಿಜಿಎಸ್‌ಕ್ಯೂಎಲ್/ಡೇಟಾ ಒಳಗೇ.

ಮರಿಯಾಡಿಬಿ ಹಾಕಿದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಪ್ಯಾಕೇಜ್ ಮರಿಯಾಡಿಬಿ-ಸರ್ವರ್, ಒಳಗೆ ಹೋಗುವುದು ಸುಡೊ ಮರಿಯಾಡಿಬಿ, ಡೇಟಾ ಎಲ್ಲಿ ಅಂತ ಕೇಳುವುದು ಸೆಲೆಕ್ಟ್ @@ಡೇಟಾಡಿರ್; ಅಂತ, ಸೆಟ್ಟಿಂಗ್ /ಇಟಿಸಿ/ಮೈಎಸ್‌ಕ್ಯೂಎಲ್/ಮರಿಯಾಡಿಬಿ.ಕಾನ್ಫ್.ಡಿ ಒಳಗೆ, ಲಾಗ್ ನೋಡಲು ಸುಡೊ ಜರ್ನಲ್‌ಸಿಟಿಎಲ್ -ಯು ಮರಿಯಾಡಿಬಿ. ಟೇಬಲ್ ಮಾಡುವಾಗ ಯುಟಿಎಫ್8ಎಂಬಿ4 ಅನ್ನುವುದನ್ನೇ ಆರಿಸಿ. ಹಳೆಯ 3 ಬೈಟ್‌ನದ್ದರಲ್ಲಿ ಕನ್ನಡ ಹಿಡಿಯುತ್ತದೆ, ಆದರೆ ಯಾರಾದರೂ ಒಂದು ಇಮೋಜಿ ಹಾಕಿದರೆ ಅಲ್ಲಿಗೆ ಎಡವುತ್ತದೆ.

ಜೂನ್ ಬಂತು ಅಂದರೆ ನಮ್ಮ ಕಡೆ ಕರೆಂಟ್ ಮಾತು ಬೇರೆಯೇ. ಮರ ಬಿದ್ದು ಲೈನ್ ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆದೀತು. ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ಡೇಟಾ ಫೋಲ್ಡರ್ ಒಳಗಿನ ಪಿಜಿ_ವಾಲ್ ಎಂಬಲ್ಲಿ ಬರೆದು, ಡಿಸ್ಕ್‌ಗೆ ಮುಟ್ಟಿದ್ದು ಖಾತ್ರಿ ಆದ ಮೇಲೆಯೇ ಆಯಿತು ಅನ್ನುತ್ತದೆ. ಮಷಿನ್ ಮತ್ತೆ ಎದ್ದಾಗ ಅದನ್ನು ಓದಿಕೊಂಡು ಎಲ್ಲಿ ಬಿಟ್ಟಿತ್ತೋ ಅಲ್ಲಿಗೆ ಬರುತ್ತದೆ. ಲಾಗ್ ಫೈಲ್ /ವಾರ್/ಲಾಗ್/ಪೋಸ್ಟ್‌ಗ್ರೆಸ್‌ಕ್ಯೂಎಲ್/ಪೋಸ್ಟ್‌ಗ್ರೆಸ್‌ಕ್ಯೂಎಲ್-16-ಮೇನ್.ಲಾಗ್. ಅದರಲ್ಲಿ ಸರಿಯಾಗಿ ಮುಚ್ಚಿರಲಿಲ್ಲ, ತಾನಾಗೇ ರಿಕವರಿ ನಡೆಯುತ್ತಿದೆ ಅನ್ನುವ ಅರ್ಥದ ಸಾಲು ಕಂಡರೆ ಕೈ ಕಟ್ಟಿ ಕಾಯಿರಿ. ಆ ಹೊತ್ತಿನಲ್ಲಿ ಪದೇ ಪದೇ ರೀಸ್ಟಾರ್ಟ್ ಮಾಡಬೇಡಿ. ಡಿಸ್ಕ್ ತುಂಬಿದೆ, ಪಿಜಿ_ವಾಲ್ ದೊಡ್ಡದಾಗಿದೆ, ಲಾಗ್ ಇರಬೇಕು ಅಂತ ಅದರೊಳಗಿನ ಫೈಲ್ ಅಳಿಸುವವರಿದ್ದಾರೆ, ಅದನ್ನು ಮಾತ್ರ ಯಾವ ಕಾಲಕ್ಕೂ ಮಾಡಬೇಡಿ. ಅದು ಹೋದರೆ ಡೇಟಾಬೇಸ್ ಏಳುವುದಿಲ್ಲ. ಸೆಟ್ಟಿಂಗ್‌ನಲ್ಲಿ ಎಫ್‌ಸಿಂಕ್ (ಡಿಸ್ಕ್‌ಗೆ ಮುಟ್ಟಿದ್ದನ್ನು ಖಾತ್ರಿ ಮಾಡುವುದು) ಆಫ್ ಮಾಡಿದರೆ ಸ್ಪೀಡ್ ಬರುತ್ತದೆ ಅಂತ ಯಾರಾದರೂ ಹೇಳಿದರೂ ಕೇಳಬೇಡಿ, ಮಲೆನಾಡಿನಲ್ಲಂತೂ ಬೇಡವೇ ಬೇಡ.

ಡಿಸ್ಕ್ ನಿಜವಾಗಿ ತುಂಬಿದ್ದರೆ ಡೇಟಾವನ್ನು ಇನ್ನೊಂದು ಡಿಸ್ಕ್‌ಗೆ ಸಾಗಿಸಬಹುದು. ಡಿಎಫ್ -ಎಚ್ ಹೊಡೆದು ಜಾಗ ನೋಡಿ. ಹೊಸ ಡಿಸ್ಕ್ ಇಎಕ್ಸ್‌ಟಿ4 ತರಹದ ಲಿನಕ್ಸ್ ಫಾರ್ಮ್ಯಾಟ್‌ನಲ್ಲಿರಬೇಕು, ಎಫ್‌ಎಸ್‌ಟ್ಯಾಬ್‌ನಲ್ಲಿ (ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ) ಬರೆದು ಮಷಿನ್ ಆನ್ ಆದಾಗಲೇ ಮೌಂಟ್ ಆಗುವ (ಒಂದು ಫೋಲ್ಡರ್‌ಗೆ ಜೋಡಿಕೊಳ್ಳುವ) ಹಾಗಿರಬೇಕು. ಅದು /ಡೇಟಾ ಎಂಬಲ್ಲಿ ಮೌಂಟ್ ಆಗಿದೆ ಅಂತಿಟ್ಟುಕೊಳ್ಳಿ. ಲಾಗಿನ್ ಆದ ಮೇಲೆ ಮೌಂಟ್ ಆಗುವ ಯುಎಸ್‌ಬಿ ಡಿಸ್ಕ್ ಇದಕ್ಕೆ ಆಗುವುದಿಲ್ಲ. ಸರ್ವರ್ ನಿಲ್ಲಿಸಿ, ಆಮೇಲೆ ಕಾಪಿ ಮಾಡಿ:

ಸುಡೊ ಸಿಸ್ಟಂಸಿಟಿಎಲ್ ಸ್ಟಾಪ್ ಪೋಸ್ಟ್‌ಗ್ರೆಸ್‌ಕ್ಯೂಎಲ್
ಸುಡೊ ಆರ್‌ಸಿಂಕ್ -ಎ /ವಾರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/16/ಮೇನ್ /ಡೇಟಾ/

ಪೋಸ್ಟ್‌ಗ್ರೆಸ್‌ಕ್ಯೂಎಲ್.ಕಾನ್ಫ್ ಫೈಲ್‌ನಲ್ಲಿ ಡೇಟಾ_ಡೈರೆಕ್ಟರಿ ಸಾಲನ್ನು '/ಡೇಟಾ/ಮೇನ್' ಅಂತ ತಿದ್ದಿ ಶುರು ಮಾಡಿ. ಫೋಲ್ಡರ್‌ನ ಮಾಲೀಕ ಪೋಸ್ಟ್‌ಗ್ರೆಸ್ ಯೂಸರ್ರೇ ಇರಬೇಕು, ಅನುಮತಿ 700 (ಮಾಲೀಕನಿಗೆ ಮಾತ್ರ ಪ್ರವೇಶ) ಇರಲಿ, 750ಕ್ಕಿಂತ ಸಡಿಲ ಇದ್ದರೆ ಸರ್ವರ್ ಏಳಲು ಒಪ್ಪುವುದಿಲ್ಲ. ಎದ್ದ ಮೇಲೆ ಮತ್ತೆ ಶೋ ಡೇಟಾ_ಡೈರೆಕ್ಟರಿ; ಅಂತ ಕೇಳಿ. ಹೊಸ ಜಾಗ ತೋರಿಸಿದರೂ ಹಳೆಯದನ್ನು ಆಗಲೇ ಅಳಿಸಬೇಡಿ, ಹೆಸರು ಬದಲಾಯಿಸಿ ಕೆಲವು ದಿನ ಇಟ್ಟಿರಿ.

ಉಬುಂಟುವನ್ನು 22.04ರಿಂದ 24.04ಕ್ಕೆ ಏರಿಸಿದ ಮೇಲೆ ಡೇಟಾ ಮಾಯ ಆಯಿತು ಅಂತ ಗಾಬರಿ ಬೀಳುವವರು ಜಾಸ್ತಿ. ಮಾಯ ಆಗಿರುವುದಿಲ್ಲ. ಹಳೆಯ 14 ತನ್ನ ಜಾಗದಲ್ಲೇ 5432ರಲ್ಲಿ ಇರುತ್ತದೆ, ಹೊಸ 16 ಖಾಲಿ ಕ್ಲಸ್ಟರ್ ಮಾಡಿಕೊಂಡು 5433ರಲ್ಲಿ ಕೂತಿರುತ್ತದೆ. ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್ ಎರಡನ್ನೂ ತೋರಿಸುತ್ತದೆ. 14ರ ಫೋಲ್ಡರನ್ನು 16ರ ಜಾಗಕ್ಕೆ ಕಾಪಿ ಮಾಡಿದರೆ ನಡೆಯುವುದಿಲ್ಲ, ಒಳಗಿನ ರಚನೆ ಬೇರೆ. ಮೊದಲು ಬ್ಯಾಕಪ್ ತೆಗೆದು, ಖಾಲಿ 16 ಮೇನ್ ಅನ್ನು ಪಿಜಿ_ಡ್ರಾಪ್‌ಕ್ಲಸ್ಟರ್‌ನಿಂದ ತೆಗೆದು, ಸುಡೊ ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್ 14 ಮೇನ್ ಹೊಡೆಯಿರಿ. ಯಾವುದನ್ನು ಡ್ರಾಪ್ ಮಾಡುತ್ತಿದ್ದೀರಿ ಅಂತ ನಂಬರನ್ನು ಗಟ್ಟಿಯಾಗಿ ಓದಿಕೊಂಡು ಎಂಟರ್ ಒತ್ತಿ.

ಪ್ಯಾಕೇಜ್ ತೆಗೆಯುವಾಗ ಆಪ್ಟ್ ರಿಮೂವ್ ಅಂದರೆ ಡೇಟಾ, ಸೆಟ್ಟಿಂಗ್ ಉಳಿಯುತ್ತವೆ. ಪರ್ಜ್ ಅಂದರೆ ಡೇಟಾವನ್ನೂ ತೆಗೆಯಲೇ ಅಂತ ಕೇಳುತ್ತದೆ, ಓದದೆ ಯೆಸ್ ಅನ್ನಬೇಡಿ.

ಕೊನೆಗೆ ಬ್ಯಾಕಪ್. ಡೇಟಾ ಫೋಲ್ಡರ್ ಎಲ್ಲಿದೆ ಅಂತ ಗೊತ್ತಾದ ಕೂಡಲೇ ಅದನ್ನು ಪೆನ್‌ಡ್ರೈವ್‌ಗೆ ಕಾಪಿ ಹೊಡೆಯುವ ಆಸೆ ಆಗುತ್ತದೆ. ಸರ್ವರ್ ಓಡುತ್ತಿರುವಾಗ ಹಾಗೆ ಮಾಡಿದ ಕಾಪಿಗೆ ಬೆಲೆ ಇಲ್ಲ, ಅರ್ಧ ಹಳೆಯದು ಅರ್ಧ ಹೊಸದು ಆಗಿರುತ್ತದೆ. ಸರಿಯಾದ ದಾರಿ ಇದು:

ಸುಡೊ -ಯು ಪೋಸ್ಟ್‌ಗ್ರೆಸ್ ಪಿಜಿ_ಡಂಪ್ --ಫಾರ್ಮ್ಯಾಟ್=ಕಸ್ಟಮ್ ಮಂಡಿ > ಮಂಡಿ.ಡಂಪ್

ಸರ್ವರ್ ನಿಲ್ಲಿಸಬೇಕಿಲ್ಲ, ಕೆಲಸ ನಡೆಯುತ್ತಿರಲಿ, ಶುರು ಮಾಡಿದ ಗಳಿಗೆಯಲ್ಲಿ ಇದ್ದ ಲೆಕ್ಕ ಪೂರ್ತಿ ಬರುತ್ತದೆ. ಆ ಫೈಲ್ ಅದೇ ಡಿಸ್ಕ್‌ನಲ್ಲಿ ಇದ್ದರೆ ಪ್ರಯೋಜನ ಇಲ್ಲ, ಇನ್ನೊಂದು ಮಷಿನ್‌ಗೋ ಇನ್ನೊಂದು ಕಟ್ಟಡಕ್ಕೋ ಹೋಗಬೇಕು. ಮತ್ತೆ ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ. ಪರೀಕ್ಷೆಗೆ ಅಂತ ಬೇರೆ ಡೇಟಾಬೇಸ್ ಮಾಡಿ ಅದರೊಳಗೆ ತುಂಬಿಸಿ:

ಸುಡೊ -ಯು ಪೋಸ್ಟ್‌ಗ್ರೆಸ್ ಕ್ರಿಯೇಟ್‌ಡಿಬಿ ಪರೀಕ್ಷೆ
ಸುಡೊ -ಯು ಪೋಸ್ಟ್‌ಗ್ರೆಸ್ ಪಿಜಿ_ರಿಸ್ಟೋರ್ --ಡಿಬಿನೇಮ್=ಪರೀಕ್ಷೆ < ಮಂಡಿ.ಡಂಪ್

ಫೈಲ್ ಹೆಸರಿನ ಮುಂದೆ ಆ ಬಾಣದ ಗುರುತು ಬೇಕೇ ಬೇಕು. ನಿಮ್ಮ ಹೋಮ್ ಫೋಲ್ಡರ್ ಒಳಗೆ ಪೋಸ್ಟ್‌ಗ್ರೆಸ್ ಯೂಸರ್‌ಗೆ ಪ್ರವೇಶ ಇರುವುದಿಲ್ಲ, ಬಾಣ ಹಾಕಿದರೆ ಫೈಲ್ ತೆರೆಯುವುದು ನಿಮ್ಮ ಹೆಸರಿನಲ್ಲೇ. ಆಮೇಲೆ ಎರಡೂ ಡೇಟಾಬೇಸ್‌ನಲ್ಲಿ ಒಂದೊಂದು ಟೇಬಲ್‌ಗೂ ಸೆಲೆಕ್ಟ್ ಕೌಂಟ್(*) ಹಾಕಿ ಹೋಲಿಸಿ, ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಗೊರಬಲು, ಸರಕು ಒಂದೊಂದರ ಒಟ್ಟು ತೂಕವನ್ನೂ ಕೂಡಿಸಿ ನೋಡಿ. ಡಂಪ್ ತೆಗೆದ ಮೇಲೆ ಹೊಸ ಎಂಟ್ರಿ ಆಗಿಲ್ಲದಿದ್ದರೆ ಎರಡೂ ಕಡೆ ಒಂದೇ ಬರಬೇಕು. ಬಂದರೆ ಸುಡೊ -ಯು ಪೋಸ್ಟ್‌ಗ್ರೆಸ್ ಡ್ರಾಪ್‌ಡಿಬಿ ಪರೀಕ್ಷೆ ಅಂತ ಹೊಡೆದು ಅದನ್ನು ತೆಗೆದುಬಿಡಿ.